ರನೌಟಿನ ಪಂಚನಾಮೆ

ನೆಲ ಯಾರದೂ ಅಲ್ಲ, ನಾಲ್ಕು ದಿನ ಅದರ ಮೇಲೆ ನಡೆದಾಡಿ ಹೋಗುವವರು ನಾವು ಎಂಬ ಅರ್ಥದ ಮಾತನ್ನು ಲೋಕದ ದೊಡ್ಡವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಹೇಳಿ ಹೋಗಿದ್ದಾರೆ. ಅವರಲ್ಲಿ ಯಾರೂ ಹದ್ದುಬಸ್ತಿನ ಅರ್ಜಿ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದವರಲ್ಲ. ಬಂದಿದ್ದರೆ ನಾಲ್ಕು ದಿನದ ಮಾತು ಬಿಟ್ಟು ನಾಲ್ಕು ಗೇಣಿನ ಮಾತು ಆಡುತ್ತಿದ್ದರು.

ಹದ್ದುಬಸ್ತು ಅಂದರೆ ಹೊಲದ ಗಡಿಯನ್ನು ಅಳೆದು, ಕಲ್ಲು ನೆಟ್ಟು, ಇಲ್ಲಿಗೆ ನಿನ್ನದು ಮುಗಿಯಿತು, ಇಲ್ಲಿಂದ ಅವನದು ಎಂದು ಇಬ್ಬರ ಕೈಲೂ ಸಹಿ ಹಾಕಿಸುವ ಕೆಲಸ. ಕಮಲಾಪುರದ ನಮ್ಮ ಕಚೇರಿಯಲ್ಲಿ ಈ ಕೆಲಸ ಮಾಡುತ್ತಿದ್ದ ಭೂಮಾಪಕರೊಬ್ಬರು ಕಳೆದ ತಿಂಗಳು ನಿವೃತ್ತರಾದರು. ಸಾಹೇಬರಿಂದ ಜವಾನನವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಬೀಳ್ಕೊಡುಗೆಯಲ್ಲಿ ಮೂವರು ಭಾಷಣ ಮಾಡಿದರು. ಮೂವರೂ ಅವರ ಪ್ರಾಮಾಣಿಕತೆಯನ್ನು ಹೊಗಳಿದರು. ಕ್ಯಾಮೆರಾದ ಮಾತನ್ನು ಒಬ್ಬರೂ ಎತ್ತಲಿಲ್ಲ. ಟಪಾಲು ವಿಭಾಗದವನಾದ ನನಗೆ ಯಾರೂ ಮೈಕು ಕೊಡಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಾಕಾ ಮತ್ತು ನಾನು ಕಲಬುರಗಿಯಿಂದ ಒಂದೇ ಬಸ್ಸಿಗೆ ಕಮಲಾಪುರಕ್ಕೆ ಹೋಗುತ್ತಿದ್ದೆವು. ಕಿಟಕಿಯ ಸೀಟು ಅವರದು. ಊಟದ ಡಬ್ಬಿಯನ್ನು ತೊಡೆಯ ಮೇಲೆ ನಿಲ್ಲಿಸಿ, ಎರಡೂ ಅಂಗೈ ಅದರ ಮುಚ್ಚಳದ ಮೇಲಿಟ್ಟು, ಪ್ರಮಾಣವಚನ ಸ್ವೀಕರಿಸುವವರಂತೆ ಕೂಡುತ್ತಿದ್ದರು. ದಾರಿಯುದ್ದಕ್ಕೂ ಅವರ ಕಣ್ಣು ಹೊಲಗಳನ್ನು ಅಳೆಯುತ್ತಿತ್ತು. "ಆ ಬೇಲಿ ನೋಡಿದ್ರೇನು? ಹೋದ ವರ್ಷಕಿಂತ ಎರಡಡಿ ಈಕಡಿ ಬಂದದ" ಎನ್ನುವರು. ಬೇಲಿ ತಾನಾಗಿ ಹೇಗೆ ಬರುತ್ತದೆ ಎಂದು ನಾನು ಕೇಳಿದರೆ, "ಕಲ್ಲು ಬೇಲಿ ಎಲ್ಲಾ ಪಾಪದವು ರೀ. ಸುಳ್ಳು ಹೇಳಂಗಿಲ್ಲ. ಸರಿಸಿದಾಂವ ಹೇಳ್ತಾನ" ಎಂದು ಮತ್ತೆ ಕಿಟಕಿಯ ಕಡೆ ತಿರುಗುವರು. ಮದುವೆಗೆ ಕರೆದರೆ ಅಕ್ಷತೆ ಹಾಕುವ ಮೊದಲು ಮಂಟಪದ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದು ಹೋಗುವರು. ಅವರ ಹೆಜ್ಜೆ ಸರಿಯಾಗಿ ಎರಡೂವರೆ ಅಡಿ. ವಧುವರರ ಜಾತಕ ಕೂಡಿದೆಯೋ ಇಲ್ಲವೋ ಅವರಿಗೆ ಗೊತ್ತಿರುತ್ತಿರಲಿಲ್ಲ, ಮಂಟಪದ ಮೂಲೆ ಕೂಡಿಲ್ಲವೆಂಬುದು ಗೊತ್ತಿರುತ್ತಿತ್ತು.

ಅವರು ಸಿಟ್ಟಾದದ್ದನ್ನು ಕಚೇರಿಯಲ್ಲಿ ಯಾರೂ ನೋಡಿದವರಿಲ್ಲ. ಎರಡು ಕಡೆಯ ಪಕ್ಷಗಾರರು ಮೇಜಿನ ಆಚೆ ನಿಂತು ಒಬ್ಬರ ತಾತನನ್ನು ಇನ್ನೊಬ್ಬರು ಬೈಯುತ್ತಿದ್ದರೆ ಕಾಕಾ ಪೆನ್ಸಿಲಿನ ತುದಿಯನ್ನು ಚೂಪು ಮಾಡುತ್ತ ಕೂಡುವರು. ಬೈಗುಳವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಆಗ ತಿಳಿದಿರಲಿಲ್ಲ. ಅದು ನೇರವಾಗಿ ಅವರ ರಕ್ತದ ಒತ್ತಡಕ್ಕೆ ಜಮಾ ಆಗುತ್ತಿತ್ತು.

ತಿಳಿದದ್ದು ಒಂದು ಬಾಳೆಯ ತೋಟದಲ್ಲಿ. ಕಮಲಾಪುರದ ಕೆಂಪು ಬಾಳೆಗೆ ಊರ ಹೊರಗೂ ಹೆಸರಿದೆ. ಆ ಬಾಳೆಯ ಒಂದು ಸಾಲು ಯಾರ ಪಾಲಿಗೆ ಸೇರಬೇಕೆಂದು ಅಣ್ಣತಮ್ಮಂದಿರಿಬ್ಬರು ಅರ್ಜಿ ಹಾಕಿದ್ದರು. ನಾನು ನೋಟೀಸಿನ ಕಟ್ಟು ಹೊತ್ತು ಜೊತೆಗೆ ಹೋಗಿದ್ದೆ. ಟೇಪಿನ ಆ ತುದಿಯನ್ನು ಅಣ್ಣ ಹಿಡಿದು ಎಳೆದ, ಈ ತುದಿಯನ್ನು ತಮ್ಮ ಎಳೆದ. ನಡುವೆ ನಿಂತಿದ್ದ ಕಾಕಾ ಒಮ್ಮೆ ಆಕಾಶ ನೋಡಿದರು, ಕಣ್ಣು ಕತ್ತಲಿಟ್ಟು ಮೆಲ್ಲಗೆ ನೆಲಕ್ಕೆ ಕುಸಿದರು. ನಾನು ನೀರಿಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ವಾದ ಹೊಸ ತಿರುವು ಪಡೆದಿತ್ತು.

"ನೋಡ್ರಿ, ಸಾಹೇಬ್ರು ನಮ್ಮ ಹೊಲದಾಗ ಬಿದ್ದಾರ" ಎಂದ ಅಣ್ಣ.

"ತಲಿ ನಿಮ್ಮ ಕಡಿ ಇರಬೇಕು. ಕಾಲು ಯಾರ ಕಡಿ ಅವ, ನೋಡು" ಎಂದ ತಮ್ಮ.

"ತಲಿ ಎಲ್ಲಿ ಬಿತ್ತೋ ಅದೇ ಖರೆ."

"ಕಾಲು ನಿಂತಲ್ಲಿ ಮನುಷ್ಯಾ ಇರ್ತಾನ. ತಲಿ ಆಮ್ಯಾಲ ಬೀಳೋದು."

ಕಾಕಾ ಮಲಗಿದಲ್ಲೇ ಕಣ್ಣು ತೆರೆದು, "ಇಬ್ರೂ ಸುಮ್ನಿರ್ರಿ. ನಾ ಬದುವಿನ ಮ್ಯಾಲ ಬಿದ್ದೀನಿ" ಎಂದರು. ಆಮೇಲೆ ಅಳೆದು ನೋಡಿದಾಗ ಅದು ನಿಜವಾಗಿತ್ತು.

ಮರುದಿನ ಅವರನ್ನು ಶರಣಬಸವೇಶ್ವರ ಗುಡಿಯ ಹತ್ತಿರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ನೂರ ನಲವತ್ತರೊಳಗೆ ಇರಬೇಕಾದ ಒತ್ತಡ ನೂರ ಐವತ್ತೆಂಟು ಇತ್ತು. ಡಾಕ್ಟರು ಪಟ್ಟಿ ಬಿಚ್ಚುತ್ತ ಹೇಳಿದರು: "ಮೂರು ತಿಂಗಳು ಟೈಮ್ ಕೊಡ್ತೀನಿ. ಉಪ್ಪು ಕಡಿಮಿ ಮಾಡ್ರಿ. ಮನಸ್ಸಿಗಿ ಹಗುರ ಆಗೋದು ಏನರ ಒಂದು ಹಚ್ಕೋರಿ. ಇಳೀತು ಅಂದ್ರ ಛೊಲೊ. ಇಲ್ಲಂದ್ರ ಗುಳಗಿ. ಶುರು ಆತಂದ್ರ ಜೀವ ಇರೋತನಕ."

ಆ ಕೊನೆಯ ಮಾತು ಕಾಕಾರ ಎದೆಗೆ ನಾಟಿತು. ಅವರ ಅಣ್ಣನ ಮನೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು, ವಾರದ ಏಳು ದಿನಕ್ಕೆ ಏಳು ಖಾನೆ, ಖಾನೆಗೆ ಮೂರು ಬಣ್ಣದ ಗುಳಿಗೆ. ಅಣ್ಣ ಯಾರ ಮನೆಗೆ ಹೋದರೂ ಡಬ್ಬಿ ಮೊದಲು ಒಳಗೆ ಹೋಗುತ್ತಿತ್ತು, ಅಣ್ಣ ಆಮೇಲೆ. "ಗುಳಗಿ ಅಂದ್ರ ಬಾಡಗಿದಾರ ಇದ್ದಂಗ ರೀ" ಎಂದು ಕಾಕಾ ಬಸ್ಸಿನಲ್ಲಿ ನನಗೆ ಹೇಳಿದರು. "ಒಂದ ಸಲ ಒಳಗ ಬಂತಂದ್ರ ಹೋಗಂಗಿಲ್ಲ. ಮತ್ತ ತನ್ನ ಬೀಗರನ್ನೂ ಕರ್ಕೊಂಡು ಬರ್ತದ." ಹೀಗೆ, ಜೀವಮಾನವಿಡೀ ಬೇರೆಯವರ ಒತ್ತುವರಿ ತೆರವು ಮಾಡಿಸಿದ ಮನುಷ್ಯ ತಮ್ಮ ಮೈಯೊಳಗೆ ಒಂದು ಒತ್ತುವರಿ ಆಗದಂತೆ ತಡೆಯಲು ಪಣ ತೊಟ್ಟರು. ಅವಧಿ ಮೂರು ತಿಂಗಳು.

ಮೊದಲು ವಾಕಿಂಗ್ ಮಾಡಿದರು. ಮೂರನೆಯ ದಿನವೇ ಉದ್ಯಾನದ ಕಾಂಪೌಂಡ್ ಗೋಡೆ ನಕಾಶೆಗಿಂತ ನಾಲ್ಕು ಅಡಿ ಹೊರಗಿದೆ ಎಂದು ಕಂಡುಹಿಡಿದು, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಒತ್ತಡದೊಂದಿಗೆ ಮನೆಗೆ ಬಂದರು. ಪ್ರಾಣಾಯಾಮ ಮಾಡಿದರು. ಉಸಿರು ಎಣಿಸುವುದರಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಮೊದಲಿನಿಂದ ಶುರು ಮಾಡುತ್ತಿದ್ದುದರಿಂದ ಅದು ಮುಗಿಯುತ್ತಲೇ ಇರಲಿಲ್ಲ. ಆಗ ಅವರ ಮನೆಯವರು, ಅಂದರೆ ಹೆಂಡತಿ, ಅಟ್ಟದಿಂದ ಒಂದು ಕ್ಯಾಮೆರಾ ಇಳಿಸಿದರು. ಸೊಲ್ಲಾಪುರದ ತವರಿನ ತಮ್ಮ ಹೊಸದು ಕೊಂಡಾಗ ಬಿಟ್ಟುಹೋದದ್ದು. ಇವರದು ಮನೆಯೊಳಗೆ ಮರಾಠಿ, ಹೊಸಿಲು ದಾಟಿದರೆ ಕನ್ನಡ ಎನ್ನುವ ಹಳೆಯ ಕುಟುಂಬ. ನಾನು ಎದುರಿಗಿದ್ದೆನಾದ್ದರಿಂದ ಕನ್ನಡದಲ್ಲೇ ಬುದ್ಧಿ ಹೇಳಿದರು.

"ಅಹೋ, ಇದು ನೋಡೋ ಸಾಮಾನು. ಅಳತಿ ಮಾಡೋ ಸಾಮಾನಲ್ಲ. ತಿಳೀತಿಲ್ಲೋ?"

"ತಿಳೀತು" ಎಂದರು ಕಾಕಾ. ತಿಳಿದಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಅವರ ಮನೆ ಕೋಟನೂರಿನ ಹೊಸ ಬಡಾವಣೆಯಲ್ಲಿದೆ. ಊರು ಎಲ್ಲಿ ಮುಗಿದು ಕಲಬುರಗಿ ಎಲ್ಲಿ ಶುರುವಾಗುತ್ತದೆ ಎಂದು ಈಗ ಕಾಕಾರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಮನೆಯ ಎದುರು ನಾಲ್ಕು ಖಾಲಿ ಪ್ಲಾಟುಗಳು. ಅವುಗಳ ಮಾಲೀಕ ಹೈದರಾಬಾದಿನಲ್ಲಿದ್ದಾನೆ ಎಂದು ಹೇಳುತ್ತಾರೆ, ಕಂಡವರಿಲ್ಲ. ಅಲ್ಲಿ ಪ್ರತಿ ಐತವಾರ ಸಂಜೆ ಬಡಾವಣೆಯ ಗಂಡಸರು ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಿದ್ದರು. ಹುಡುಗರಲ್ಲ, ಹೊಟ್ಟೆ ಬಂದ ಗಂಡಸರು. ಒಂದು ಪಕ್ಷ ಮನೆ ಮಾಲೀಕರದು, ಇನ್ನೊಂದು ಬಾಡಿಗೆದಾರರದು. ಮಾಲೀಕರ ನಾಯಕ ಹಾರ್ಡ್‌ವೇರ್ ಅಂಗಡಿಯ ಶಿವಶರಣಪ್ಪ. ಬಾಡಿಗೆದಾರರ ನಾಯಕ ಟೇಲರ್ ಖಾಜಾ. ಯಾರಾದರೂ ಬಾಡಿಗೆಯವರು ಸ್ವಂತ ಮನೆ ಕಟ್ಟಿದರೆ ಗೃಹಪ್ರವೇಶದ ಮರುವಾರವೇ ಪಕ್ಷ ಬದಲಿಸಬೇಕಿತ್ತು. ಖಾಜಾನ ಒಳ್ಳೆಯ ಬೌಲರುಗಳೆಲ್ಲ ಹೀಗೆ ಏಳಿಗೆ ಹೊಂದಿ ಅವನನ್ನು ಬಿಟ್ಟುಹೋಗಿದ್ದರು.

ಕಾಕಾ ಬೇವಿನ ಗಿಡದ ಕೆಳಗೆ ಸ್ಟೂಲು ಹಾಕಿಕೊಂಡು ಫೋಟೋ ತೆಗೆಯತೊಡಗಿದರು. ಇಟ್ಟಿಗೆ ಪೇರಿಸಿ ಮಾಡಿದ ವಿಕೆಟ್ಟು, ಅದರ ಮೇಲೆ ಯಾರದೋ ಟೊಪ್ಪಿಗೆ. ಲುಂಗಿ ಎತ್ತಿ ಕಟ್ಟಿ ಓಡುವ ಬೌಲರು. ಕ್ಯಾಚು ಬಿಟ್ಟವನು ತನ್ನ ಕೈಯನ್ನೇ ಅಪರಿಚಿತರ ಕೈಯಂತೆ ನೋಡುವ ರೀತಿ. ಕಮಲಾಪುರದಲ್ಲೂ ಬಸ್ಸಿಗೆ ಕಾಯುವ ಅರ್ಧ ತಾಸು ಸುಮ್ಮನೆ ಕೂಡಲಿಲ್ಲ. ಬಾಳೆಹಣ್ಣಿನ ವ್ಯಾಪಾರಿಗಳು ಅಂಗಡಿ ಮುಚ್ಚುವ ಮೊದಲು ಹಿಂದಿನ ಬಯಲಿನಲ್ಲಿ ವಾಲಿಬಾಲ್ ಆಡುತ್ತಿದ್ದರು. ಐವತ್ತು ದಾಟಿದ ಒಬ್ಬರು ನೆಟ್ಟಿನ ಎದುರು ಹಾರಿದ್ದನ್ನು ಕಾಕಾ ಹಿಡಿದರು. ಫೋಟೋದಲ್ಲಿ ಅವರ ಹಿಮ್ಮಡಿ ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಮುಖ ಮಾತ್ರ ವಿಮಾನದ ಎತ್ತರಕ್ಕೆ ಹೋಗಿತ್ತು. ಆ ವ್ಯಾಪಾರಿ ಅದನ್ನು ದೊಡ್ಡದು ಮಾಡಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದರು.

ಬಸ್ಸಿನಲ್ಲಿ ಕಾಕಾ ನನಗೆ ದಿನಕ್ಕೆ ಐದಾರು ಫೋಟೋ ತೋರಿಸುವರು. ತೋರಿಸುವಾಗ ನಗುತ್ತಿದ್ದರು. ಹೊರಗಿನ ಬೇಲಿಗಳ ಬಗ್ಗೆ ಮೂರು ವಾರ ಒಂದು ಮಾತೂ ಬರಲಿಲ್ಲ. ಆ ದಿನಗಳಲ್ಲಿ ಕಮಲಾಪುರದ ಹಾದಿಯಲ್ಲಿ ಯಾರಾದರೂ ಬೇಲಿ ಸರಿಸಿದ್ದರೆ ಅವರ ಪುಣ್ಯ.

ತಪ್ಪು ನಡೆದದ್ದು ನಾಲ್ಕನೆಯ ಐತವಾರ. ಫೋಟೋದಲ್ಲಿ ಪಿಚ್ಚು ಗಿಡ್ಡ ಕಾಣುತ್ತದೆ ಎಂಬ ಗುಮಾನಿ ಅವರನ್ನು ವಾರವಿಡೀ ಕಾಡಿತ್ತು. ಸುಮ್ಮನಿರಬಹುದಿತ್ತು. ಸಿಹಿತಿಂಡಿ ಮಾರುವವನು ಮನೆಯಲ್ಲಿ ಸಿಹಿ ಮುಟ್ಟದೆ ಇರಬಲ್ಲ, ಆದರೆ ಭೂಮಾಪಕನ ಮುಂದೆ ಅಳೆಯದ ನೆಲ ಇರಲಾರದು. ಟೇಪು ತಂದರು. ಇಪ್ಪತ್ತೆರಡು ಗಜ ಇರಬೇಕಾದ್ದು ಹತ್ತೊಂಬತ್ತೂವರೆ ಇತ್ತು.

"ಎರಡೂವರಿ ಗಜ ಒತ್ತುವರಿ ಆಗ್ಯದ" ಎಂದರು, ಮುಖ ಗಂಭೀರ ಮಾಡಿ.

"ಯಾರು ಮಾಡ್ಯಾರ್ರೀ?" ಎಂದ ಖಾಜಾ.

"ಅದೇ ತಿಳೀಬೇಕು."

ಆ ಸಂಜೆಯೇ ಇಟ್ಟಿಗೆ ಸರಿಸಿ, ಸುಣ್ಣದ ಗೆರೆ ಎಳೆದು, ನಕಾಶೆ ಬರೆದುಕೊಟ್ಟರು. ಆರು ವರ್ಷದಿಂದ ಹತ್ತೊಂಬತ್ತೂವರೆ ಗಜಕ್ಕೆ ಕೈ ಕುದುರಿಸಿಕೊಂಡಿದ್ದ ಗಂಡಸರೆಲ್ಲರ ಚೆಂಡು ಈಗ ಎರಡೆರಡು ಸಲ ಪುಟಿದು ಬ್ಯಾಟಿನ ಮುಂದೆ ಬಂದು ಕೂಡತೊಡಗಿತು. ಖಾಜಾನ ಸ್ಪಿನ್ನು ಹೋಯಿತು. "ಅಳತಿ ಕಾಯ್ದಿ ಪ್ರಕಾರ ಅದ" ಎಂದರು ಕಾಕಾ. "ಕಾಯ್ದಿ ಬೌಲಿಂಗ್ ಮಾಡ್ತದೇನ್ರೀ?" ಎಂದ ಖಾಜಾ.

ಅದೇ ಆಟದಲ್ಲಿ ಶಿವಶರಣಪ್ಪ ರನೌಟಿನ ಅನುಮಾನಕ್ಕೆ ಸಿಕ್ಕಿಕೊಂಡ. ಕೂಗಾಟವಾಯಿತು. ಯಾರೋ "ಕಾಕಾರ ಹತ್ರ ಫೋಟೋ ಅದಲ್ಲ" ಎಂದರು. ಇತ್ತು. ಚೆಂಡು ಇಟ್ಟಿಗೆಗೆ ಬಡಿದಿತ್ತು, ಬ್ಯಾಟು ಗೆರೆಯಿಂದ ಈಚೆಗಿತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಜನ ಸುತ್ತ ನಿಂತು ವಾದ ಮಾಡುತ್ತಿರುವುದನ್ನು ಕಂಡು ಅವರ ಕೈ ತನ್ನಷ್ಟಕ್ಕೆ ಚೀಲದಿಂದ ಕಾಗದ ತೆಗೆಯಿತು. ಮೂವತ್ತು ವರ್ಷದ ಅಭ್ಯಾಸ. ಪಂಚರ ಸಮಕ್ಷಮ ಸ್ಥಳ ಪರಿಶೀಲಿಸಲಾಗಿ, ಸದರಿ ಬ್ಯಾಟು ಸುಣ್ಣದ ಗೆರೆಯಿಂದ ಪೂರ್ವಕ್ಕೆ ಆರು ಅಂಗುಲ ದೂರದಲ್ಲಿ ಕಂಡುಬಂದಿರುತ್ತದೆ ಎಂದು ಪಂಚನಾಮೆ ಬರೆದು ಐದು ಜನರ ಸಹಿಗೆ ಕೈಯಿಂದ ಕೈಗೆ ಕಳಿಸಿದರು. ನಾಲ್ಕನೆಯ ಸಹಿ ಶಿವಶರಣಪ್ಪನದೇ. ಕಾಗದ ಎದುರಿಗೆ ಬಂದರೆ ಸಹಿ ಹಾಕುವುದು ಅಂಗಡಿಯವರ ಕೈಗೆ ಅಂಟಿದ ಗುಣ. ತನ್ನ ಔಟಿಗೆ ತಾನೇ ಸಾಕ್ಷಿಯಾಗಿದ್ದೇನೆಂದು ಅವನಿಗೆ ಮನೆಗೆ ಹೋಗಿ ಚಹಾ ಕುಡಿಯುವಾಗ ಹೊಳೆಯಿತು.

ಮರುದಿನ ಬೆಳಿಗ್ಗೆ ಅವನು ಕಾಕಾರ ಬಾಗಿಲಲ್ಲಿ ನಿಂತಿದ್ದ. ಪಂಚನಾಮೆಯ ನಕಲು ಬೇಕಂತೆ. ತಕರಾರು ಅರ್ಜಿಯನ್ನು ಬಿಳಿ ಕಾಗದದಲ್ಲಿ ಬರೆದುಕೊಂಡೇ ಬಂದಿದ್ದ. ಅವನ ಹಿಂದೆ ಖಾಜಾ ಬಂದ, ಎರಡು ತಿಂಗಳ ಹಿಂದಿನ, ಕ್ಯಾಮೆರಾ ಬರುವ ಮೊದಲಿನ ಒಂದು ಎಲ್‌ಬಿಡಬ್ಲ್ಯುವನ್ನು ಮತ್ತೆ ತೆರೆಯಬೇಕೆಂದು. ಆ ವಾರದಿಂದ ಐತವಾರದ ಆಟಕ್ಕೆ ಸೋಮವಾರದಿಂದ ಶನಿವಾರದವರೆಗೆ ವಿಚಾರಣೆ ನಡೆಯತೊಡಗಿತು. ಕಾಕಾ ಹಲ್ಲುಜ್ಜುವಾಗ ಒಬ್ಬ, ಊಟಕ್ಕೆ ಕೂತಾಗ ಇನ್ನೊಬ್ಬ. "ಸರ್, ಹೋದ ವಾರದ್ದು ಜರಾ ತೋರಸ್ರಿ. ನನ್ನ ಕಾಲು ಒಳಗೇ ಇತ್ತು." ಇಟ್ಟಿಗೆಗಳು ಮಾತ್ರ ಎರಡೇ ವಾರದಲ್ಲಿ ಹಳೆಯ ಜಾಗಕ್ಕೆ ತಾವಾಗಿ ಸರಿದಿದ್ದವು. ಅದಕ್ಕೆ ಯಾರೂ ಅರ್ಜಿ ಹಾಕಲಿಲ್ಲ.

ಎರಡು ತಿಂಗಳು ಕಳೆದಾಗ ಕಮಲಾಪುರದ ಬಸ್ ನಿಲ್ದಾಣದ ಎದುರಿನ ಔಷಧ ಅಂಗಡಿಯಲ್ಲಿ ಒತ್ತಡ ಅಳೆಯಿಸಿದೆವು. ನೂರ ಅರವತ್ತನಾಲ್ಕು.

"ಮೊದಲಿಗಿಂತ ಆರು ಹೆಚ್ಚಾಗ್ಯದಲ್ರೀ ಕಾಕಾ" ಎಂದೆ.

"ಹಗಲು ಹೊಲದ ಜಗಳ, ಸಂಜಿಮುಂದ ಪಿಚ್ಚಿನ ಜಗಳ. ಇಳೀಬೇಕಂದ್ರ ಹ್ಯಾಂಗ ಇಳೀಬೇಕದು? ಅದಕ್ಕೂ ಜಾಗ ಬೇಕಲ್ಲ."

"ಮತ್ತ ಕ್ಯಾಮೆರಾ ಬಿಟ್ಟುಬಿಡ್ರಿ."

ಅವರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಅರ್ಧ ದಾರಿ ಕ್ರಮಿಸಿತು. ಆಮೇಲೆ, "ಕ್ಯಾಮೆರಾದಾಗ ನೋಡೋತನಕ ಹಗುರ ಇರ್ತದ ರೀ. ತಗದಿಂದ ಭಾರ ಆಗ್ತದ" ಎಂದರು. ನನಗೆ ಆ ಹೊತ್ತಿಗೆ ನಗು ಬರಲಿಲ್ಲ.

ಮೂರು ತಿಂಗಳ ಅವಧಿ ಒಂದು ಸೋಮವಾರಕ್ಕೆ ಮುಗಿಯುತ್ತಿತ್ತು. ಅದರ ಹಿಂದಿನ ದಿನ, ಐತವಾರ, ಅವರ ಮನೆಯಲ್ಲಿ ನನಗೆ ಊಟ. ಸಂಜೆ ಅವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡಾಗ ಮನೆಯವರು ಬಾಗಿಲಿಗೆ ಬಂದು ನನಗೆ ಹೇಳಿದರು: "ನೀವು ಜತಿಗಿ ಹೋಗ್ರಿ. ನಾಳಿ ಡಾಕ್ಟರ ಕಡಿ ಹೋಗೋದದ. ಇವತ್ತೊಂದಿನ ಯಾರ ನ್ಯಾಯನೂ ಬ್ಯಾಡ ಅನ್ರಿ ಅವರಿಗಿ."

ನ್ಯಾಯ ಮಾತ್ರ ಇವರಿಗಾಗಿಯೇ ಕಾದಿತ್ತು. ಕೊನೆಯ ಓವರು. ಬಾಡಿಗೆದಾರರು ಗೆಲ್ಲಲು ಐದು ರನ್ನು, ಉಳಿದದ್ದು ನಾಲ್ಕು ಚೆಂಡು. ಖಾಜಾ ಹೊಡೆದು ಎರಡನೆಯ ರನ್ನಿಗೆ ತಿರುಗಿದ. ಶಿವಶರಣಪ್ಪ ಜಾಲಿ ಗಿಡದ ಕಡೆಯಿಂದ ಚೆಂಡು ಎಸೆದ. ಚೆಂಡು ಇಟ್ಟಿಗೆಗೆ ಬಿತ್ತು. ಖಾಜಾ ಮಣ್ಣಿನಲ್ಲಿ ಜಾರಿದ. ಕಾಕಾರ ಕ್ಯಾಮೆರಾ ಟಕ್ ಎಂದಿತು.

ಇಪ್ಪತ್ತೆರಡು ಗಂಡಸರು ಇಟ್ಟಿಗೆಗಳನ್ನು ಬಿಟ್ಟು ಸ್ಟೂಲಿನ ಕಡೆ ಬಂದರು. ಕಾಕಾ ಕ್ಯಾಮೆರಾದ ಪುಟ್ಟ ಪರದೆಯನ್ನು ನೋಡಿದರು. ಅವರ ಹೆಗಲ ಮೇಲಿಂದ ನಾನೂ ನೋಡಿದೆ. ಬ್ಯಾಟಿನ ತುದಿಗೂ ಗೆರೆಗೂ ನಡುವೆ ಒಂದು ಗೇಣು ನೆಲ ಸ್ಪಷ್ಟವಾಗಿ ಬಿಸಿಲು ಕಾಯುತ್ತಿತ್ತು. ಔಟು.

"ಹೇಳ್ರಿ ಕಾಕಾ" ಎಂದ ಶಿವಶರಣಪ್ಪ.

"ಹೇಳ್ರಿ, ಆದ್ರ ನೀವೂ ಮನಿ ಮಾಲೀಕರೇ ಅದೀರಿ, ಅದು ಮರೀಬ್ಯಾಡ್ರಿ" ಎಂದ ಖಾಜಾ, ಮೊಳಕೈಯ ಮಣ್ಣು ಒರೆಸುತ್ತ.

ಔಟೆಂದರೆ ಪಂಚನಾಮೆ, ನಕಲು, ತಕರಾರು, ನಾಳೆ ಬೆಳಿಗ್ಗೆ ಡಾಕ್ಟರಿಗಿಂತ ಮೊದಲು ಬಾಗಿಲಲ್ಲಿ ಖಾಜಾ. ಔಟಲ್ಲವೆಂದರೆ ಸುಳ್ಳು. ಮೂವತ್ತು ವರ್ಷದಲ್ಲಿ ಅವರು ಒಂದು ಅಂಗುಲದ ಸುಳ್ಳು ಬರೆದವರಲ್ಲ. ಅವರು ಕ್ಯಾಮೆರಾದ ಗುಂಡಿ ಒತ್ತಿ ಪರದೆ ಆರಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಚೇರಿಯ ದನಿಯಲ್ಲಿ ಕೇಳಿದರು:

"ಈ ಪ್ಲಾಟ್ ಯಾರದು?"

"ಹೈದರಾಬಾದಿನವಂದು" ಎಂದಿತು ಗುಂಪು.

"ಅವನಿಗಿ ನೋಟೀಸ್ ಹೋಗ್ಯದೇನು? ಬಾಜೂ ಪ್ಲಾಟಿನವರಿಗಿ?"

ಗುಂಪು ತಿರುಗಿ ಪಕ್ಕದ ಪ್ಲಾಟಿನ ಜಾಲಿ ಗಿಡಗಳನ್ನು ನೋಡಿತು.

"ನೋಟೀಸ್ ಇಲ್ದ ಅಳತಿ ನಾ ಮಾಡಂಗಿಲ್ಲ. ಕಾಯ್ದಿ ಪ್ರಕಾರ ನೋಟೀಸ್ ಜಾರಿ ಆಗಬೇಕು, ಹದಿನೈದು ದಿನ ಬಿಡಬೇಕು. ಮುಂದಿನ ತಾರೀಖಿಗಿ ನೋಡೋಣು."

ಆ ಇಪ್ಪತ್ತೆರಡು ಜನರಲ್ಲಿ ಯಾವುದಾದರೊಂದು ಕಚೇರಿಯ ವರಾಂಡದಲ್ಲಿ ನಿಲ್ಲದವನು ಒಬ್ಬನೂ ಇರಲಿಲ್ಲ. ತಾರೀಖು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಎಲ್ಲರ ಹೆಗಲೂ ಒಟ್ಟಿಗೆ ಇಳಿದವು.

"ಹದಿನೈದು ದಿನಕ್ಕ ಆಗ್ತದಲ್ರೀ, ಖರೇ?" ಎಂದು ಶಿವಶರಣಪ್ಪ ಮೆಲ್ಲಗೆ ಕೇಳಿದ.

"ಪ್ರಯತ್ನ ಮಾಡ್ತೇವಿ" ಎಂದರು ಕಾಕಾ.

ಈ ಉತ್ತರ ಬಂದ ಮೇಲೆ ಆಸೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಖಾಜಾ ಒಮ್ಮೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದ, ಒಮ್ಮೆ ಉಳಿದ ಮೂರು ಚೆಂಡುಗಳ ಲೆಕ್ಕ ಮನಸ್ಸಿನಲ್ಲೇ ಹಾಕಿದ, ಬ್ಯಾಟನ್ನು ಮುಂದಿನವನ ಕೈಗೆ ಕೊಟ್ಟ.

"ಅಲ್ಲಿತನ ಇಲ್ಲೇ ನಿಂದ್ರಲೇನು ನಾ? ಔಟ್ ಅದೀನಿ, ತಗೋರಿ. ಜಲ್ದಿ ಆಡ್ರಿ, ಬೆಳಕು ಹೊಂಟದ."

"ಇಷ್ಟ ಜಲ್ದಿ ಒಪ್ಯಾನಂದ್ರ ಇದ್ರಾಗ ಏನೋ ಅದ" ಎಂದು ಶಿವಶರಣಪ್ಪ ಗೊಣಗಿದ. ಆದರೂ ಓಡಿ ತನ್ನ ಜಾಗಕ್ಕೆ ಹೋದ.

ಆಟ ಮುಂದುವರಿಯಿತು. ಕಾಕಾ ಸ್ಟೂಲನ್ನು ಎತ್ತಿಕೊಂಡು ಗೆರೆಯಿಂದ ದೂರ, ಜಾಲಿ ಗಿಡಗಳ ಹತ್ತಿರ ಹೋಗಿ ಹಾಕಿಕೊಂಡರು. ಅಲ್ಲಿಂದ ಇಟ್ಟಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದವರು ಚೆಂಡು ಹುಡುಕುವವರು ಮಾತ್ರ. ಮುಂದಿನ ಚೆಂಡು ಮುಳ್ಳಿನೊಳಗೆ ಹೋಯಿತು. ಮೂವರು ಮಾಲೀಕರು ಮತ್ತು, ತನ್ನ ಪಕ್ಷದ್ದೇ ಹೊಡೆತವಾದರೂ ತಡೆಯಲಾರದೆ ಬಂದ ಖಾಜಾ, ನಾಲ್ವರೂ ಬಗ್ಗಿ ಮುಳ್ಳಿನೊಳಗೆ ಕೈ ಹಾಕಿದರು. ಕಾಕಾ ನಾಲ್ಕು ಬೆನ್ನುಗಳ ಫೋಟೋ ತೆಗೆದರು. ಯಾವ ಬೆನ್ನು ಮಾಲೀಕನದು, ಯಾವುದು ಬಾಡಿಗೆಯದು ಎಂದು ಅದನ್ನು ನೋಡಿ ಯಾರೂ ಹೇಳಲಾರರು.

ಮನೆಗೆ ಬರುವಾಗ ಕೇಳಿದೆ: "ಆ ಖಾಜಾನ ಫೋಟೋ ಅದ ಏನ್ರೀ?"

"ಇಲ್ಲ. ಅಳಿಸಿದೆ."

ಹಳೆಯ ರಜಿಸ್ಟರಿನಲ್ಲಿ ಇರುವೆ ಸತ್ತು ಅಂಟಿಕೊಂಡಿದ್ದರೂ ತೆಗೆಯಲು ಬಿಡದ ಮನುಷ್ಯ ಇದನ್ನು ಹೇಳಿದ್ದು. ನಾನು ನಿಂತೇಬಿಟ್ಟೆ. "ದಾಖಲಿ ನಾಶ ಮಾಡೋದು ಗುನ್ಹೆ ಅಲ್ಲೇನ್ರೀ ಕಾಕಾ?"

"ಅದು ದಾಖಲಿ ಅಲ್ಲ ರೀ" ಎಂದರು. "ಬರೇ ಫೋಟೋ."

ಮನೆಯವರು ಬಾಗಿಲಲ್ಲೇ ಇದ್ದರು. ಗಂಡನ ಮುಖ ನೋಡಿ, ನನ್ನ ಮುಖ ನೋಡಿ, ಚಹಾ ಇಡಲು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಡಾಕ್ಟರು ಎರಡು ಸಲ ಅಳೆದರು. ಎರಡೂ ಸಲ ನೂರ ನಲವತ್ತಾರು ಬಂತು. ದಿನಕ್ಕೆ ಅರ್ಧ ಗುಳಿಗೆ ಬರೆದುಕೊಟ್ಟರು, ಬೆಳಿಗ್ಗೆ ತಿಂಡಿಯ ನಂತರ.